ಗ್ರಾಮಸಭೆಗೆ ಬನ್ನಿ ಎಂಬ ನೋಟಿಸು: ಕಾಡಂಚಿನ ಜಾಗದ ತೀರ್ಮಾನ ಎಲ್ಲಿ ಆಗುತ್ತದೆ?

ಯಲ್ಲಾಪುರದ ಕಡೆಯ ಒಂದು ಊರಿನ ಸೊಸೈಟಿ ಗೋಡೆಗೆ ನೋಟಿಸು ಅಂಟಿಸಿದ್ದರು. ಅರಣ್ಯ ಹಕ್ಕು ಅರ್ಜಿಗಳ ಪುನರ್ ಪರಿಶೀಲನೆಗೆ ಗ್ರಾಮಸಭೆ ಕರೆದಿದೆ, ಅರ್ಜಿದಾರರೆಲ್ಲ ಹಾಜರಿರಬೇಕು ಎಂದು ಬರೆದಿತ್ತು. ರೇಷನ್ ಅಕ್ಕಿಗೆ ಸಾಲು ನಿಂತವರ ಬಾಯಲ್ಲಿ ಮೂರು ಮಾತು ಕೇಳಿದೆ.

"ಇದು ಎಂತಾ ಸಭೆ? ಪಂಚಾಯ್ತಿದೋ, ಫಾರೆಸ್ಟಿನವರದ್ದೋ?"

"ನಮ್ದು ಜಿಪಿಎಸ್ ಆಗಿದೆಯಲ್ಲ, ಇನ್ನೆಂತಕ್ಕೆ ಸಭೆ?"

"ಒಮ್ಮೆ ರಿಜೆಕ್ಟ್ ಆದ್ಮೇಲೆ ಮುಗೀತು ಮಾರಾಯಾ, ಹೋಗಿ ಎಂತ ಮಾಡ್ತೆ?"

ಮೂರೂ ಬರೀ ಗೊಣಗಾಟವಲ್ಲ. ಜಿಲ್ಲೆಯ ಭೂಮಿಯಲ್ಲಿ ಸುಮಾರು ಮುಕ್ಕಾಲು ಪಾಲಿಗೂ ಮೇಲೆ ಅರಣ್ಯ ಇಲಾಖೆಯ ಲೆಕ್ಕದಲ್ಲಿರುವ ಉತ್ತರ ಕನ್ನಡದಲ್ಲಿ ಸಾವಿರಾರು ಮನೆ, ತೋಟ, ಗದ್ದೆಗಳ ಹಣೆಬರಹ ಈ ಪ್ರಶ್ನೆಗಳ ಮೇಲೇ ನಿಂತಿದೆ. ಉತ್ತರ ಬೇಕಾದರೆ ಕಾಡಿನ ಮೇಲೆ ಯಾರ ಅಧಿಕಾರ ಎಷ್ಟು ಎಂಬಲ್ಲಿಂದ ಶುರು ಮಾಡಬೇಕು.

ಮೊದಲು ಪಹಣಿ ತೆಗೆದು ನೋಡಿ

ನಮ್ಮಲ್ಲಿ 'ಅತಿಕ್ರಮಣ ಜಾಗ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುತ್ತೇವೆ. ಆದರೆ ಮಾಲ್ಕಿಯಲ್ಲದ, ಅಂದರೆ ಸ್ವಂತ ಖಾತೆಯಲ್ಲದ, ಜಾಗದಲ್ಲೂ ಬೇರೆಬೇರೆ ಬಗೆಯಿದೆ. ಪಹಣಿಯಲ್ಲಿ ಸರ್ಕಾರಿ ಕಂದಾಯ ಭೂಮಿ ಎಂದಿದ್ದರೆ ಅದರ ದಾರಿ ರಾಜ್ಯದ ಭೂಕಂದಾಯ ಕಾಯ್ದೆಯದು. ಮನೆಗೆ 94ಸಿ, ಸಾಗುವಳಿಗೆ ಬಗರ್‌ಹುಕುಂ ನಮೂನೆಗಳು. ಅವನ್ನು ತಹಶೀಲ್ದಾರ್ ಕಚೇರಿಗೆ ಕೊಡಬೇಕು. ಅರಣ್ಯ ಎಂದಿದ್ದರೆ ಆ ನಮೂನೆ ತುಂಬಿ ಉಪಯೋಗವಿಲ್ಲ. ಅರಣ್ಯ ಜಾಗಕ್ಕೆ 94ಸಿ ಹಾಕಿ ವರ್ಷಗಟ್ಟಲೆ ಕಾದವರು ನಮ್ಮ ನೆಂಟರಲ್ಲೇ ಇದ್ದಾರೆ. ಕಂದಾಯ ಭೂಮಿಯಾಗಿದ್ದೂ ಮರಗಿಡ ದಟ್ಟವಾಗಿದೆ ಎಂದು ಅರಣ್ಯದ ಪಟ್ಟಿಗೆ ಸೇರಿದ ಜಾಗವೂ ಉಂಟು, 'ಡೀಮ್ಡ್ ಫಾರೆಸ್ಟ್' ಎನ್ನುವುದು ಅದಕ್ಕೇ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ದಾಖಲೆಯಲ್ಲಿ ಯಾರ ಹೆಸರೇ ಇರಲಿ, ಕಾಡು ಕಾಡೇ ಎಂಬರ್ಥದ ಆದೇಶ ಕೊಟ್ಟ ಮೇಲೆ ಹುಟ್ಟಿದ ಪಟ್ಟಿ ಅದು.

ಒಂದು ಕಾಡು, ಹಲವು ಒಡೆಯರು

ಸಂವಿಧಾನ ಕೆಲಸಗಳನ್ನು ಮೂರು ಪಟ್ಟಿ ಮಾಡಿ ಹಂಚಿದೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ಅರಣ್ಯ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಜಂಟಿ ಪಟ್ಟಿಗೆ ದಾಟಿಸಿತು. ಕೂಡು ಮನೆಯ ತೋಟದ ಹಾಗೆ ಆಯಿತು: ದಿನವೂ ನೋಡಿಕೊಳ್ಳುವವನು ತಮ್ಮ, ಆದರೆ ಮರ ಕಡಿಯಬೇಕಾದರೆ ಅಣ್ಣನನ್ನು ಕೇಳಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಈ ಕೇಳುವುದನ್ನು ಕಡ್ಡಾಯ ಮಾಡಿತು. ಅರಣ್ಯ ಭೂಮಿಯನ್ನು ಬೇರೆ ಉಪಯೋಗಕ್ಕೆ ಕೊಡಬೇಕಾದರೆ ರಾಜ್ಯ ಸರ್ಕಾರಕ್ಕೂ ಕೇಂದ್ರದ ಒಪ್ಪಿಗೆ ಬೇಕು. ಚುನಾವಣೆಯ ವೇದಿಕೆಯಲ್ಲಿ "ಗೆದ್ದರೆ ಪಟ್ಟಾ ಕೊಡಿಸುತ್ತೇನೆ" ಎಂದ ಶಾಸಕರು ಆಮೇಲೆ "ದೆಹಲಿಯಿಂದ ಬರಬೇಕು" ಎನ್ನುವುದಕ್ಕೆ ಕಾರಣ ಇಲ್ಲಿದೆ.

ಜಿಲ್ಲೆಯೊಳಗೆ ಬಂದರೆ ಗೊಂದಲ ಇನ್ನೊಂದು ಥರ. ಜಿಲ್ಲಾಧಿಕಾರಿ ಕೂರುವುದು ಕಾರವಾರದಲ್ಲಿ. ಕೆನರಾ ಅರಣ್ಯ ವೃತ್ತದ ಮುಖ್ಯ ಕಚೇರಿ ಇರುವುದು ಶಿರಸಿಯಲ್ಲಿ. ಅದರ ಕೆಳಗೆ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ಎಂಬ ಐದು ವಿಭಾಗಗಳು. ಕಂದಾಯದ ಉಪವಿಭಾಗಾಧಿಕಾರಿ (ಎಸಿ) ಕಚೇರಿಗಳು ಬೇರೆ, ಪಂಚಾಯತಿ ಬೇರೆ. 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಪಂಚಾಯತಿಗೆ ಸಂವಿಧಾನದ ಬಲ ಬಂತು, ನಿಜ. ಆದರೆ ಮೀಸಲು ಅರಣ್ಯದ ಗಡಿಯ ಹತ್ತಿರ ಬಂದರೆ ಆ ಬಲ ಮೆತ್ತಗಾಗುತ್ತದೆ. ಪಂಚಾಯತಿ ಹಾಕಿಸಿದ ರಸ್ತೆ ಕಾಡಿನ ಅಂಚಿಗೆ ಬಂದು ನಿಲ್ಲುವುದನ್ನು ಘಟ್ಟದ ಮೇಲಿನವರು ನೋಡಿಯೇ ಇದ್ದೀರಿ.

ಸರ್ಕಾರಕ್ಕಿಂತ ಮೊದಲೂ ಆಡಳಿತ ಇತ್ತು

ಕಚೇರಿಗಳೆಲ್ಲ ಬರುವುದಕ್ಕೆ ಮುಂಚೆ ಇಲ್ಲಿ ಅರಾಜಕತೆ ಇರಲಿಲ್ಲ. ಕರಾವಳಿಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ (ಕೇರಿಗಳಲ್ಲಿ) ಊರಗೌಡ ಇರುತ್ತಾನೆ, ಅವನಿಗೆ ಸಲಹೆಗೆ ಬುದವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಹಲವು ಕೊಪ್ಪಗಳು ಸೇರಿ ಸೀಮೆ, ಸೀಮೆಗೊಬ್ಬ ಗೌಡ. ಮದುವೆಯ ತಕರಾರು, ಮನೆಮನೆ ನಡುವಿನ ಜಗಳ ಮೊದಲು ಊರಗೌಡನ ಅಂಗಳದಲ್ಲಿ ಬಗೆಹರಿಯಬೇಕು. ಅಲ್ಲಿ ಆಗದಿದ್ದರೆ ಸೀಮೆಗೆ. ಗ್ರಾಮ, ತಾಲೂಕು, ಜಿಲ್ಲೆ ಎಂಬ ಮೆಟ್ಟಿಲನ್ನು ನಾವು ಹೊಸದೆಂದು ಓದುತ್ತೇವೆ. ಹಾಲಕ್ಕಿಗಳಿಗೆ ಮೆಟ್ಟಿಲು ಹೊಸದಲ್ಲ, ಅದರ ಮೇಲೆ ಕೂತ ಮುಖಗಳು ಹೊಸವು. ಕಾನೂನಿನ ಕಣ್ಣಲ್ಲಿ ಈ ಗೌಡಿಕೆಗೆ ಸರ್ಕಾರಿ ಅಧಿಕಾರವಿಲ್ಲ. ಸಮುದಾಯದ ಒಪ್ಪಿಗೆಯೇ ಅದರ ಬಲ.

ಕಾಡಿನ ವಿಷಯಕ್ಕೆ ಬಂದರೆ ಘಟ್ಟದ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ದೇವರಿಗೆ ಬಿಟ್ಟ ದೇವರ ಕಾನು ಇದ್ದವು; ಕುಂಬಾರ, ಬಡಗಿ ಯಾವ ಕಾಡಿಂದ ಏನು ತರಬಹುದು ಎಂಬ ಕಟ್ಟುಪಾಡುಗಳಿದ್ದವು. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಬ್ರಿಟಿಷರು ಗುಡ್ಡದಲ್ಲಿ ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿದರು, ಕಾಡನ್ನು ಮೀಸಲು ಮಾಡಿದರು. ಅಡಿಕೆ ತೋಟದವರಿಗೆ ಮಾತ್ರ ಸೊಪ್ಪಿನ ಬೆಟ್ಟ ಬಿಟ್ಟರು. ಘಟ್ಟದ ಮೇಲೆ ತೋಟದ ಎಕರೆಗೆ 9 ಎಕರೆವರೆಗೂ ಬೆಟ್ಟ. ಬೆಟ್ಟದ ಕಾಗದ ಓದುವಾಗ ಒಂದು ಶಬ್ದ ಗಮನಿಸಬೇಕು: ಅದನ್ನು ಕೊಟ್ಟದ್ದು 'ಸವಲತ್ತು' ಎಂದು. ಸವಲತ್ತು ಕೊಟ್ಟವನು ಕಿತ್ತುಕೊಳ್ಳಬಹುದು. ಹಕ್ಕನ್ನು ಸುಮ್ಮನೆ ಕಿತ್ತುಕೊಳ್ಳಲು ಬರುವುದಿಲ್ಲ. ಮುಂದಿನ ಕಥೆ ಇಡೀ ಈ ಎರಡು ಶಬ್ದಗಳ ನಡುವೆಯೇ ಇದೆ.

ಕುಮಟಾದ ಪಕ್ಕದ ಹಳಕಾರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1920ರ ದಶಕದಲ್ಲಿ ಅಲ್ಲಿ ಗ್ರಾಮ ಅರಣ್ಯ ಪಂಚಾಯತಿ ಹುಟ್ಟಿತು. ಊರವರೇ ಕಾವಲು ಇಟ್ಟು, ಊರವರೇ ನಿಯಮ ಮಾಡಿ, ತಮ್ಮ ಕಾಡನ್ನು ಕಾದರು. ಸ್ವಾತಂತ್ರ್ಯದ ನಂತರ ಸುತ್ತಲಿನ ಇಂಥ ಪಂಚಾಯತಿಗಳು ರದ್ದಾಗುತ್ತ ಬಂದಾಗ ಹಳಕಾರದವರು ಕೋರ್ಟಿನ ಮೆಟ್ಟಿಲೇರಿ ತಮ್ಮದನ್ನು ಉಳಿಸಿಕೊಂಡರು. ಊರಿನ ಕೈಗೆ ಕೊಟ್ಟರೆ ಕಾಡು ಮುಗಿದೇ ಹೋಗುತ್ತದೆ ಎನ್ನುವವರಿಗೆ ಕುಮಟಾದ ಬಸ್ಸು ಹತ್ತಲು ಹೇಳಬಹುದು.

2006ರ ಕಾಯ್ದೆ ಏನು ಬದಲಿಸಿತು

ಅನುಸೂಚಿತ ಬುಡಕಟ್ಟುಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ ಅರಣ್ಯ ಹಕ್ಕು ಮಾನ್ಯತೆ ಕಾಯ್ದೆ 2006ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ನಿಯಮಗಳು ಬಂದದ್ದು 2008ಕ್ಕೆ, ದೊಡ್ಡ ತಿದ್ದುಪಡಿ 2012ಕ್ಕೆ. ಹೆಸರಿನಲ್ಲೇ 'ಮಾನ್ಯತೆ' ಎಂದಿದೆ, 'ಮಂಜೂರಿ' ಎಂದಿಲ್ಲ. ಹಕ್ಕು ಮೊದಲೇ ಇತ್ತು, ಬರೆದಿಟ್ಟಿರಲಿಲ್ಲ, ಈಗ ಗುರುತಿಸುತ್ತೇವೆ ಎಂಬುದು ಕಾಯ್ದೆಯ ನಿಲುವು. ಅದರ ಪೀಠಿಕೆಯಲ್ಲೇ ಅರಣ್ಯವಾಸಿಗಳಿಗೆ ಆದ 'ಚಾರಿತ್ರಿಕ ಅನ್ಯಾಯ'ದ ಮಾತಿದೆ.

ಒಂದು ಕುಟುಂಬಕ್ಕೆ ಸಿಗುವುದು ನಿಜವಾಗಿ ಸ್ವಾಧೀನದಲ್ಲಿರುವಷ್ಟು ಜಾಗ, ಅದೂ 4 ಹೆಕ್ಟೇರ್ ಮೀರದಂತೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಆಗಬೇಕು. ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಪಟ್ಟಾ ಆದ ಮೇಲೆ ಬೆಂಗಳೂರಿನವರಿಗೆ ಕೊಟ್ಟು ಹೋಂಸ್ಟೇ ಮಾಡಿಸುವ ಲೆಕ್ಕ ಹಾಕಿದ್ದವರಿಗೆ ಇಲ್ಲಿ ನಿರಾಸೆ ಕಾದಿದೆ. ಪರಿಶೀಲನೆ ಪೂರ್ಣ ಮುಗಿಯುವವರೆಗೆ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತಿಲ್ಲ ಎಂದು 4ನೇ ಕಲಮಿನ 5ನೇ ಉಪಕಲಮು ಹೇಳುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನವರಿಗೂ ಕಾಯ್ದೆ ಅನ್ವಯ.

ಒಂದೇ ಬೇಲಿ, ಎರಡು ಅಳತೆ

ಬೇಲಿಯ ಆಚೆ ಈಚೆ ಎರಡು ಮನೆ ಎಂದುಕೊಳ್ಳಿ. ಒಂದು ಸಿದ್ದಿ ಕುಟುಂಬದ್ದು, ಇನ್ನೊಂದು ಕುಣಬಿಗಳದ್ದು. ಇಬ್ಬರೂ ಅದೇ ಹಳ್ಳದ ನೀರು ಕುಡಿದವರು, ಅದೇ ಕಾಡಿನ ಜೇನು ತೆಗೆದವರು. ಕಾಯ್ದೆಯ ಮುಂದೆ ಮಾತ್ರ ಇಬ್ಬರ ಅಳತೆಗೋಲು ಬೇರೆ.

ಆಫ್ರಿಕಾ ಮೂಲದ ಸಿದ್ದಿಗಳು ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಂಗಡದವರು ಅರಣ್ಯವನ್ನೇ ನೆಚ್ಚಿ ಅಲ್ಲೇ ವಾಸವಿದ್ದು, ಡಿಸೆಂಬರ್ 13, 2005ಕ್ಕೆ ಮೊದಲು ಜಾಗ ಸ್ವಾಧೀನದಲ್ಲಿದ್ದರೆ ಸಾಕು. ಪಟ್ಟಿಯಲ್ಲಿಲ್ಲದವರು 'ಇತರ ಪಾರಂಪರಿಕ ಅರಣ್ಯವಾಸಿ'. ಹಾಲಕ್ಕಿ, ಕುಣಬಿ, ಗೌಳಿ, ನಾಮಧಾರಿ, ಹವ್ಯಕ ಎಲ್ಲರೂ ಇಲ್ಲಿ ಒಂದೇ ಸಾಲು. ಇವರು ಅದೇ ತಾರೀಖಿಗೆ ಹಿಂದಿನ ಮೂರು ತಲೆಮಾರು ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ತಲೆಮಾರಿಗೆ 25 ವರ್ಷ, ಒಟ್ಟು 75. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತೀರಿ, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷಕ್ಕೆ. ಆಗ ಕಾಗದ ಇಟ್ಟುಕೊಂಡವರು ಯಾರು?

ಜಿಲ್ಲೆಯಲ್ಲಿ ಬಹುಪಾಲು ಅರ್ಜಿ ಬಿದ್ದುಹೋದದ್ದು ಈ ಕಲ್ಲಿಗೆ ಎಡವಿಯೇ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಅರ್ಜಿದಾರರಲ್ಲೂ ಇದೆ, ಟೇಬಲ್ಲಿನ ಆಚೆ ಕೂತವರಲ್ಲೂ ಇದೆ. 75 ವರ್ಷ ಬೇಕಾಗಿರುವುದು ಆ ಭಾಗದ ಕಾಡಿನಲ್ಲಿ ವಾಸಕ್ಕೆ ಮತ್ತು ಅವಲಂಬನೆಗೆ. ಅರ್ಜಿ ಹಾಕಿದ ಅದೇ ತುಂಡು ಜಾಗವನ್ನು 75 ವರ್ಷ ಸಾಗುವಳಿ ಮಾಡಿರಬೇಕು ಎಂದು ಕಾಯ್ದೆ ಹೇಳಿಲ್ಲ. ಜಾಗದ ಸ್ವಾಧೀನಕ್ಕೆ ಇಬ್ಬರಿಗೂ ಒಂದೇ ತಾರೀಖು, 2005ರದ್ದು.

ಪಟ್ಟಿಗೆ ಸೇರಿಸುವವರು ಯಾರು? ಪಂಚಾಯತಿಯೂ ಅಲ್ಲ, ರಾಜ್ಯವೂ ಅಲ್ಲ. ಸಂವಿಧಾನದ 342ನೇ ವಿಧಿಯಂತೆ ಬದಲಾವಣೆ ಸಂಸತ್ತಿನ ಕಾನೂನಿನಿಂದಲೇ ಆಗಬೇಕು. ರಾಜ್ಯ ಶಿಫಾರಸು ಮಾಡಬಹುದು ಅಷ್ಟೆ. ಪಟ್ಟಿ ರಾಜ್ಯರಾಜ್ಯಕ್ಕೆ ಬೇರೆಯಾದ್ದರಿಂದ ವಿಚಿತ್ರಗಳೂ ಆಗುತ್ತವೆ. ಕುಣಬಿಗಳು ಗೋವಾದಲ್ಲಿ 2003ರಿಂದ ಪರಿಶಿಷ್ಟ ಪಂಗಡ. ಗಡಿ ದಾಟಿ ಜೋಯಿಡಾಕ್ಕೆ ಬಂದರೆ ಅಲ್ಲ. ಬಂಧುಬಳಗ ಎರಡೂ ಕಡೆ ಇದೆ, ಮದುವೆಗೆ ಹೋಗಿಬರುತ್ತಾರೆ, ಜಾತಿ ಪ್ರಮಾಣಪತ್ರ ಮಾತ್ರ ಗಡಿ ದಾಟುವುದಿಲ್ಲ. ಹಾಲಕ್ಕಿಗಳ ಬೇಡಿಕೆಯೂ ಬಹಳ ಹಳೆಯದು. ಹಾಡಿನ ಸುಕ್ರಿ ಬೊಮ್ಮಗೌಡರಿಗೆ, ಗಿಡ ಬೆಳೆಸಿದ ತುಳಸಿ ಗೌಡರಿಗೆ ದೇಶ ಪದ್ಮಶ್ರೀ ಕೊಟ್ಟಿತು. ಅವರ ಸಮುದಾಯಕ್ಕೆ ಪಟ್ಟಿಯಲ್ಲಿ ಜಾಗ ಕೊಡಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಾಷಣಗಳಲ್ಲಿ '5ನೇ ಅನುಸೂಚಿ', 'ಪೆಸಾ ಕಾಯ್ದೆ' ಎಂಬ ಮಾತು ಕೇಳಿಬರುತ್ತದೆ. ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗೆ ವಿಶೇಷ ಅಧಿಕಾರ ಕೊಡುವ 1996ರ ಆ ಕಾಯ್ದೆ 5ನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. ಹಾಗಾಗಿ ಕಾಡಿನ ವಿಷಯದಲ್ಲಿ ನಮ್ಮ ಗ್ರಾಮಸಭೆಗೆ ಬಲ ಬರುವುದು ಮುಖ್ಯವಾಗಿ 2006ರ ಕಾಯ್ದೆಯಿಂದ.

ಹಾಗಾದರೆ ಇದು ಎಂತಾ ಸಭೆ?

ಕರೆಯುವುದು ಪಂಚಾಯತಿ, ಸಭೆ ಊರಿನದು. ವಸತಿ ಯೋಜನೆಯ ಪಟ್ಟಿ ಓದುವ ಪಂಚಾಯತಿ ಗ್ರಾಮಸಭೆಗೂ ಇದಕ್ಕೂ ಕೆಲಸ ಬೇರೆ. ಈ ಸಭೆಯಲ್ಲಿ ಊರಿನ ವಯಸ್ಕರೆಲ್ಲ ಸದಸ್ಯರು. ಕನಿಷ್ಠ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಅರ್ಜಿಗಳ ಮೇಲೆ ಠರಾವು ಮಾಡುವುದಾದರೆ ಅರ್ಜಿದಾರರಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಕೋರಂ ಇಲ್ಲದೆ ಪುಸ್ತಕಕ್ಕೆ ಸಹಿ ಮಾಡಿಸಿಕೊಂಡು ಹೋದ ಸಭೆಯ ಠರಾವು ಮುಂದೆ ಗಟ್ಟಿ ನಿಲ್ಲುವುದಿಲ್ಲ.

ಈ ಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಪಂಗಡದವರು ಇರುವ ಊರಲ್ಲಿ ಮೂರನೇ ಎರಡು ಪಾಲು ಅವರಿರಬೇಕು, ಎಲ್ಲ ಕಡೆ ಮೂರನೇ ಒಂದು ಪಾಲು ಹೆಂಗಸರು. ನಮ್ಮ ಕಡೆ ಇದನ್ನು ವಿಎಫ್‌ಸಿ ಜೊತೆ ಕಲಸುತ್ತಾರೆ. ವಿಎಫ್‌ಸಿ, ಅಂದರೆ ಗ್ರಾಮ ಅರಣ್ಯ ಸಮಿತಿ, ಅರಣ್ಯ ಇಲಾಖೆಯ ಜೊತೆ ಸೇರಿ ಗಿಡ ನೆಟ್ಟು ಕಾಯುವ ಏರ್ಪಾಡು. ಅರಣ್ಯ ಹಕ್ಕು ಸಮಿತಿ ಗ್ರಾಮಸಭೆಯ ಕೈ. ಎರಡಕ್ಕೂ ಒಬ್ಬರೇ ಅಧ್ಯಕ್ಷರಾಗಿರುವ ಊರಲ್ಲಿ ಗೊಂದಲ ಸಹಜವೇ. ನೋಟಿಸಿನ ತಲೆಬರಹ ಓದಿದರೆ ಬಗೆಹರಿಯುತ್ತದೆ.

ಅರ್ಜಿ ಪಡೆಯುವುದು, ಜಾಗಕ್ಕೆ ಹೋಗಿ ನೋಡುವುದು, ನಕ್ಷೆ ಮಾಡುವುದು ಸಮಿತಿಯ ಕೆಲಸ. ಅರಣ್ಯ ಮತ್ತು ಕಂದಾಯದವರು ಆ ಸ್ಥಳ ಪರಿಶೀಲನೆಗೆ ಬರುತ್ತಾರೆ. ಜಿಪಿಎಸ್ ಮಾಡಿದ್ದು ಆ ಹಂತದಲ್ಲಿ. ಜಾಗದ ಆಕಾರ, ಅಳತೆ ಅದರಿಂದ ಗೊತ್ತಾಗುತ್ತದೆ ಹೊರತು ಹಕ್ಕು ಸಾಬೀತಾಗುವುದಿಲ್ಲ. ಗದ್ದೆಗೆ ಸರ್ವೆ ಮಾಡಿಸಿದ ಮಾತ್ರಕ್ಕೆ ಖಾತೆ ಬದಲಾಗುತ್ತದೆಯೇ? ಹಾಗೇ ಇದು. ಹಕ್ಕಿನ ಸ್ವರೂಪ ಎಂಥದು, ವಿಸ್ತಾರ ಎಷ್ಟು ಎಂದು ನಿರ್ಧರಿಸುವ ಪ್ರಕ್ರಿಯೆ ಆರಂಭಿಸುವ ಅಧಿಕಾರವನ್ನು ಕಾಯ್ದೆಯ 6ನೇ ಕಲಮು ಗ್ರಾಮಸಭೆಗೇ ಕೊಟ್ಟಿದೆ. ಮೇಲಿನವರ ಮುಂದೆ ಹೋಗುವ ಕಾಗದ ನಿಮ್ಮ ಅರ್ಜಿಯಾಗಿ ಹೋಗುವುದಿಲ್ಲ, ಊರಿನ ಠರಾವಾಗಿ ಹೋಗುತ್ತದೆ.

ಮೇಲಿನ ಮೆಟ್ಟಿಲುಗಳು, ಮತ್ತು 'ರಿಜೆಕ್ಟ್'

ಠರಾವು ಉಪವಿಭಾಗ ಮಟ್ಟದ ಸಮಿತಿಗೆ ಹೋಗುತ್ತದೆ, ಎಸಿ ಅದರ ಅಧ್ಯಕ್ಷರು. ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ, ಅಧ್ಯಕ್ಷರು ಡಿಸಿ. ಜಿಲ್ಲಾ ಸಮಿತಿಯ ತೀರ್ಮಾನ ಅಂತಿಮ. ರಾಜ್ಯದ ಮುಖ್ಯ ಕಾರ್ಯದರ್ಶಿಯ ಸಮಿತಿ ಬರೀ ಮೇಲ್ವಿಚಾರಣೆಗೆ. ಎರಡು ಕೆಳ ಸಮಿತಿಗಳಲ್ಲೂ ಅಧಿಕಾರಿಗಳ ಜೊತೆ ತಾಲೂಕು ಅಥವಾ ಜಿಲ್ಲಾ ಪಂಚಾಯತಿಯ ಮೂವರು ಚುನಾಯಿತರು ಇರಬೇಕು. ಕರ್ನಾಟಕದಲ್ಲಿ ಆ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜನರ ಪರವಾಗಿ ಕೂರಬೇಕಾದ ಕುರ್ಚಿ ಖಾಲಿ ಇದ್ದರೆ ಸಮಿತಿಯ ತೂಕ ಅಧಿಕಾರಿಗಳ ಕಡೆಗೇ ವಾಲುತ್ತದೆ. ಪಂಚಾಯತಿ ಚುನಾವಣೆ ತಡವಾದರೆ ನಮಗೇನು ಎನ್ನುವವರಿಗೆ ಇದು ಉತ್ತರ.

ತಿರಸ್ಕಾರ ಮಾಡಬೇಕಾದರೆ ಕಾರಣ ಬರೆಯಬೇಕು, ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ಗ್ರಾಮಸಭೆಯ ಠರಾವಿನ ಮೇಲೆ ತಕರಾರಿದ್ದರೆ 60 ದಿನದೊಳಗೆ ಎಸಿ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಮತ್ತೆ 60 ದಿನದೊಳಗೆ ಡಿಸಿ ಸಮಿತಿಗೆ ಮೇಲ್ಮನವಿ ಕೊಡಬಹುದು. ನೋಟಿಸೇ ಬಾರದೆ 'ರಿಜೆಕ್ಟ್ ಆಗಿದೆಯಂತೆ' ಎಂಬ ಗಾಳಿಮಾತಿನ ಮೇಲೆ ಕೈಚೆಲ್ಲಿದವರು ಮೊದಲು ಆ ಆದೇಶದ ಪ್ರತಿ ಕೇಳಬೇಕು. ಠರಾವಿನಲ್ಲಿ ಕೊರತೆ ಕಂಡರೆ ಮೇಲಿನ ಸಮಿತಿ ತಾನೇ ತಳ್ಳಿಹಾಕುವ ಬದಲು ಗ್ರಾಮಸಭೆಗೆ ವಾಪಸು ಕಳಿಸಬೇಕು ಎಂದೂ 2012ರ ನಿಯಮ ಹೇಳುತ್ತದೆ.

2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು, ತಿರಸ್ಕೃತರನ್ನು ತೆರವುಗೊಳಿಸಲು ರಾಜ್ಯಗಳಿಗೆ ಹೇಳಿತ್ತು. ಘಟ್ಟದ ಮೇಲೆ, ಕೆಳಗೆ, ನಿದ್ದೆ ಕೆಟ್ಟ ಎರಡು ವಾರ ಅವು. ಫೆಬ್ರುವರಿ 28ರಂದು ಕೋರ್ಟೇ ಆ ಆದೇಶಕ್ಕೆ ತಡೆ ಕೊಟ್ಟಿತು. ತಿರಸ್ಕಾರ ಸರಿಯಾದ ಕ್ರಮದಲ್ಲಿ ಆಗಿದೆಯೇ ಎಂಬ ಪ್ರಶ್ನೆ ಎದ್ದದ್ದು ಆಗ. ಸೊಸೈಟಿ ಗೋಡೆಯ ನೋಟಿಸಿನಲ್ಲಿರುವ 'ಪುನರ್ ಪರಿಶೀಲನೆ' ಎಂಬ ಮಾತಿನ ಬೇರು ಅಲ್ಲಿದೆ.

ಯಾರೂ ಕೇಳದ ಹಕ್ಕು

ಎಲ್ಲರ ಕಣ್ಣೂ ತಮ್ಮ ತಮ್ಮ ಗುಂಟೆಯ ಮೇಲೆ. ಅರ್ಜಿಯ ನಮೂನೆ 'ಎ' ಅದಕ್ಕೆ. ನಮೂನೆ 'ಬಿ' ಮತ್ತು 'ಸಿ' ಇಡೀ ಊರಿನದು: ಉಪ್ಪಾಗೆ, ಮುರುಗಲು, ಜೇನು, ಸೀಗೆ, ಬಿದಿರು ತರುವ ಮತ್ತು ಮಾರುವ ಹಕ್ಕು, ಮೇವಿನ ಹಕ್ಕು, ಊರಿನ ಕಾಡನ್ನು ಊರೇ ಕಾಯ್ದು ನಿರ್ವಹಿಸುವ ಹಕ್ಕು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬುದನ್ನು ಸುಪ್ರೀಂ ಕೋರ್ಟು 2013ರಲ್ಲಿ ಗ್ರಾಮಸಭೆಗಳ ಮುಂದಿಟ್ಟಿತು. 12 ಗ್ರಾಮಸಭೆ ಸೇರಿದವು, ಹನ್ನೆರಡೂ ಬೇಡ ಎಂದವು. ಗಣಿ ಬರಲಿಲ್ಲ.

ಇನ್ನೂ ಸಣ್ಣದು, ಆದರೆ ಮಳೆಗಾಲದಲ್ಲಿ ಬಹಳ ದೊಡ್ಡದು: ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಮುಂತಾದ 13 ಬಗೆಯ ಸೌಲಭ್ಯಕ್ಕೆ ತಲಾ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಬೇಕಾದರೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಹೋಗುವುದಿಲ್ಲವಾದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ವಿಭಾಗದ ಅರಣ್ಯಾಧಿಕಾರಿ (ಡಿಎಫ್‌ಒ) ಹಂತದಲ್ಲೇ ಒಪ್ಪಿಗೆ ಆಗಬಹುದು. "ದೆಹಲಿಯಿಂದ ಬರಬೇಕು" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕೇಳುವ ಊರು ಕಡಿಮೆ.

ಸಭೆಗೆ ಏನು ಒಯ್ಯಬೇಕು

ಕನಿಷ್ಠ ಎರಡು ಬಗೆಯ ಸಾಕ್ಷ್ಯ. ಹಳೆಯ ಮತದಾರರ ಪಟ್ಟಿ, ರೇಷನ್ ಕಾರ್ಡು, ಮನೆ ಕರದ ರಸೀದಿ, ಗ್ಯಾಜೆಟಿಯರ್, ಅರಣ್ಯ ಇಲಾಖೆಯೇ ಹಿಂದೆ ಹಾಕಿದ ಅತಿಕ್ರಮಣ ಕೇಸಿನ ಕಾಗದ (ಅಪರಾಧದ ದಾಖಲೆಯೇ ನೀವು ಅಲ್ಲಿದ್ದಿರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ), ಎಲ್ಲ ನಡೆಯುತ್ತದೆ. ಕಾಗದವೇ ಇಲ್ಲದವರಿಗೆ ನೆಲದ ಗುರುತುಗಳಿವೆ: ಹಳೆ ಬಾವಿ, ಮನೆಯ ಪಾಯ, ಸಮಾಧಿ, ಚೌಡಿ ಕಟ್ಟೆ. ಉಪಗ್ರಹ ಚಿತ್ರ ಪೂರಕ ಮಾತ್ರ, ಉಳಿದ ಸಾಕ್ಷ್ಯದ ಬದಲಿಗೆ ಅಲ್ಲ.

ಹಿರಿಯರ ಹೇಳಿಕೆಯೂ ಸಾಕ್ಷ್ಯವೇ, ಬರೆದುಕೊಂಡರೆ. ಆದರೆ ಹೇಳುವವರು ಅರ್ಜಿದಾರರಾಗಿರಬಾರದು. ಇದನ್ನು ಸಾಲಿನಲ್ಲಿ ನಿಂತವರಿಗೆ ಹೇಳಿದಾಗ, ಮುಗೀತು ಎಂದಿದ್ದ ಆಸಾಮಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾರೆ ಮೇಲಿನ ಮನೆ ಅಜ್ಜಿ ಹೇಳಿದ್ರೆ ಆಗ್ತದ್ಯ? ನಮ್ಮಪ್ಪ ಹುಟ್ಟಿದ್ದು ಅವಳಿಗೆ ಗೊತ್ತುಂಟು." ಆಗ್ತದೆ ಎಂದೆ. ಅಜ್ಜಿಗೆ ನಡೆಯಲು ಆಗುವುದಿಲ್ಲವಂತೆ. ಸಭೆಯ ದಿನಕ್ಕೆ ಯಾರದ್ದಾದರೂ ಜೀಪು ಸಿಗುತ್ತದೋ ಎಂದು ಅವನು ಅಲ್ಲೇ ವಿಚಾರಿಸತೊಡಗಿದ.